ಕೊಲ್ಲೂರು ಕಡೆಯಿಂದ ಕೊಡಚಾದ್ರಿ ಓಟ: ಅಕ್ಕಿಹೊರೆ ಇಳಿಯುತ್ತಿದ್ದ ಕಾಲದ ಘಟ್ಟದ ದಾರಿ, ಏರು, ನೀರು, ಉಣುಗು

ನಗರದ ಓಟ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ನಾವು ನಾಲ್ಕು ಜನ ಕೊಡಚಾದ್ರಿ ಓಟ ಇಟ್ಟುಕೊಂಡಿದ್ದೇವೆ. ಜೀಪು ಹೋಗುವ ಕಟ್ಟಿನಹೊಳೆ ಬದಿಯಿಂದ ಅಲ್ಲ. ಕೊಲ್ಲೂರು–ನಾಗೋಡಿ ರಸ್ತೆಯಿಂದ ಒಳಗೆ ಹೋಗಿ, ವಳೂರು ದಾಟಿ ಹತ್ತುವ ಕಾಲುದಾರಿಯಲ್ಲಿ. ಹತ್ತಿದ ದಾರಿಯಲ್ಲೇ ಇಳಿಯುವುದು. ಒಂದು ಬದಿಗೆ ಸುಮಾರು 10 ಕಿ.ಮೀ. ಅಂತ ಲೆಕ್ಕ ಹಾಕಿದ್ದೇವೆ, ಏರು ಸಾವಿರ ಮೀಟರಿಗಿಂತ ಹೆಚ್ಚು.

ನಾಲ್ವರೂ ಡಾಂಬರು ರಸ್ತೆಯಲ್ಲಿ 21 ಕಿ.ಮೀ. ಎರಡರಿಂದ ಎರಡೂಕಾಲು ಗಂಟೆಯಲ್ಲಿ ಮುಗಿಸುವವರು. ಗುಡ್ಡದ ಅಭ್ಯಾಸ ಅಂದರೆ ಕುಂದಾದ್ರಿ ರಸ್ತೆ ಮತ್ತು ಕವಲೇದುರ್ಗದ ಕಲ್ಲುಹಾಸು, ಅಷ್ಟೇ. ಇನ್ನು ಹತ್ತು ವಾರ ಇದೆ.

ಕೇಳಬೇಕಾದ್ದು: ಎಷ್ಟು ಹೊತ್ತು ಹಿಡಿಯಬಹುದು? ಯಾವ ಶೂ? ನೀರು ಎಷ್ಟು ಹೊರಬೇಕು? ಉಂಬಳ (ಜಿಗಣೆ), ಉಣುಗು (ಉಣ್ಣೆ) ಆ ಹೊತ್ತಿಗೆ ಹೇಗಿರುತ್ತೆ? ಇನ್ನೊಂದು, ಲೆವಿ ಕಾಲದಲ್ಲಿ ಘಟ್ಟದ ಮೇಲಿನ ಅಕ್ಕಿ ಕದ್ದು ಕೆಳಗೆ ಇಳಿಯುತ್ತಿದ್ದದ್ದು ಇಂಥ ದಾರಿಗಳಲ್ಲೇ ಅಂತ ಊರ ಹಿರಿಯರು ಹೇಳುತ್ತಾರೆ. ಮುಖ್ಯ ದಾರಿ ಬಿಟ್ಟು ಆ ಹಳೇ ಒಳದಾರಿಗಳಲ್ಲೇ ಓಡೋಣ ಅಂತ ನಮ್ಮಲ್ಲೊಬ್ಬರಿಗೆ ಆಸೆ. ಸಾಧ್ಯವಾ?

---

ಘಟ್ಟದ ಕೆಳಗೆ:

ಕೊನೆಯ ಪ್ರಶ್ನೆಯಿಂದ ಶುರು ಮಾಡ್ತೇನೆ. ಅದು ಗೊತ್ತಾದರೆ ಈ ದಾರಿಯ ಗುಣವೂ ಗೊತ್ತಾಗುತ್ತೆ.

1956ರ ನವೆಂಬರ್ 1ರವರೆಗೆ ಘಟ್ಟದ ನೆತ್ತಿಯೇ ರಾಜ್ಯದ ಗಡಿ. ಮೇಲೆ ಶಿವಮೊಗ್ಗ ಮೈಸೂರಿಗೆ ಸೇರಿತ್ತು, ಕೆಳಗೆ ದಕ್ಷಿಣ ಕನ್ನಡ ಮದ್ರಾಸಿಗೆ. ಎರಡನೇ ಮಹಾಯುದ್ಧದ ಹೊತ್ತಿಗೆ ರೇಷನ್ ಬಂತು, ಭತ್ತಕ್ಕೆ ಲೆವಿ ಬಂತು (ಬೆಳೆದದ್ದರಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಕೊಡಲೇಬೇಕು), ಅಕ್ಕಿ ಗಡಿ ದಾಟಲು ಪರವಾನಗಿ ಬೇಕಾಯಿತು. ಬೆಳೆಯುವ ಊರು ಮೇಲೆ, ಕೊಳ್ಳುವ ಊರು ಕೆಳಗೆ, ನಡುವೆ ಬೆಲೆಯ ಅಂತರ. ಹೊರೆ ಇಳಿಯಲು ಇಷ್ಟು ಸಾಕು. ಗಡಿ ಅಳಿಸಿದ ಮೇಲೂ ಧಾನ್ಯ ಸಾಗಣೆಯ ನಿರ್ಬಂಧ ಬೇರೆ ಬೇರೆ ರೂಪದಲ್ಲಿ ಮುಂದುವರಿಯಿತು. 1948ರಲ್ಲಿ ಮದ್ರಾಸ್ ಪ್ರಾಂತ ಪೂರ್ತಿ ಪಾನನಿಷೇಧಕ್ಕೆ ಒಳಪಟ್ಟ ಮೇಲೆ ಗಡಿಯ ಆಚೀಚೆ ಹೆಂಡಕ್ಕೂ ಎರಡು ಕಾನೂನು. ಗಂಧದ ಕಾನೂನು ಇನ್ನೂ ಹಳೆಯದು. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷ ಮಾಡಿದ. ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಅನ್ನುವ ಸ್ಥಿತಿ 2001ರ ತಿದ್ದುಪಡಿಯವರೆಗೆ ಇತ್ತು. ಆದರೆ ಗಂಧ ಬೆಳೆಯುವುದು ಸೊರಬ, ಶಿಕಾರಿಪುರದಂಥ ಮಳೆ ಕಡಿಮೆ ಇರುವ ಪೂರ್ವದ ಸೆರಗಿನಲ್ಲಿ, ಕೊಡಚಾದ್ರಿಯ ದಟ್ಟ ಕಾಡಿನಲ್ಲಲ್ಲ.

ಓಡುವವರಿಗೆ ಇದರಿಂದ ಏನು? ತಪಾಸಣೆಯ ನಾಕಾ ಇರುತ್ತಿದ್ದದ್ದು ಗಾಡಿದಾರಿಯಲ್ಲಿ. ಗಾಡಿ, ಹೇರೆತ್ತು ಹೋಗುವ ದಾರಿ ಸುತ್ತಿ ಸುತ್ತಿ ನಿಧಾನ ಏರುತ್ತೆ. ಎತ್ತಿಗೆ ಕಡಿದು ಏರಲು ಆಗಲ್ಲ. ತಲೆಹೊರೆಯವನ ದಾರಿ ಹಾಗಲ್ಲ. ಅವನಿಗೆ ಬೇಕಾದ್ದು ಹತ್ತಿರ ಮತ್ತು ಮರೆ. ಹಾಗಾಗಿ ಗುಡ್ಡದ ಏಣಿನ ಮೇಲೇ ನೆಟ್ಟಗೆ ಹೋಗುತ್ತೆ, ತಿರುವು ಇಲ್ಲ, ನೀರು ಹರಿದುಹೋಗಲು ಅಡ್ಡ ಕಾಲುವೆ ಇಲ್ಲ, ಹಳ್ಳಕ್ಕೆ ಸಂಕ ಇಲ್ಲ. ಮಳೆಗಾಲದಲ್ಲಿ ದಾರಿಯೇ ತೋಡಾಗಿ ಹರಿದು ಬೇರು, ಕಲ್ಲು ಎಲ್ಲ ಎದ್ದು ನಿಲ್ಲುತ್ತೆ. ನೀವು ಓಡುವುದು ಆ ಮೇಲ್ಮೈ ಮೇಲೆ.

ಒಳದಾರಿಯ ವಿಚಾರ: ಬೇಡ. ಕೊಲ್ಲೂರು ಬದಿಯ ಇಳಿಜಾರು ಮೂಕಾಂಬಿಕಾ ವನ್ಯಜೀವಿಧಾಮ. ಗುರುತು ಮಾಡಿದ ದಾರಿ ಬಿಟ್ಟು ಹೋದರೆ ಅದು ಅತಿಕ್ರಮ ಪ್ರವೇಶ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಆ ದಿನ ದಾರಿ ತೆರೆದಿದೆಯಾ ನೋಡಿ, ನಾಲ್ಕು ಹೆಸರಿಗೂ ಮೊದಲೇ ಕಾದಿರಿಸಿ, ಗುರುತಿನ ಚೀಟಿ ಹಿಡ್ಕೊಳ್ಳಿ. ಕಾನೂನು ಹಾಗಿರಲಿ, ಇನ್ನೊಂದು ಕಾರಣವೂ ಇದೆ. ಈಗ ಕಾಣುವ ಕವಲುಗಳಲ್ಲಿ ಹೆಚ್ಚಿನವು ದನದ ದಾರಿ, ಉಪ್ಪಾಗೆ, ಸೀಗೆ ಕೊಯ್ಯುವವರ ದಾರಿ, ಕಾಟಿ (ಕಾಡುಕೋಣ) ಓಡಾಡುವ ದಾರಿ. ಮುನ್ನೂರು ಮೀಟರ್ ಚೆನ್ನಾಗಿ ಹೋಗಿ ಬೆತ್ತದ ಮುಳ್ಳಿನ ಹಿಂಡಲಲ್ಲಿ ನಿಂತುಬಿಡುತ್ತವೆ. ಮರದಡಿ ಜಿಪಿಎಸ್ 10–20 ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ಹತ್ತಿರ ಹತ್ತಿರದ ಎರಡು ಕವಲಲ್ಲಿ ಯಾವುದರ ಮೇಲಿದ್ದೀರಿ ಅಂತ ಅದು ಹೇಳಲಾರದು. ಕವಲು ಬಂದಲ್ಲಿ ನಿಂತು, ನಾಲ್ಕೂ ಜನ ಸೇರಿದ ಮೇಲೇ ಮುಂದೆ ಹೋಗಿ. ಇಳಿಯುವಾಗ ಇದು ಇನ್ನೂ ಮುಖ್ಯ. ಹತ್ತುವಾಗ ಕವಲುಗಳು ಬಂದು ಕೂಡುತ್ತವೆ, ಗಮನಕ್ಕೇ ಬರಲ್ಲ. ಇಳಿಯುವಾಗ ಅವೇ ಒಡೆದು ಹೋಗುತ್ತವೆ. ಹತ್ತುವಾಗಲೇ ಆಗಾಗ ಹಿಂತಿರುಗಿ ನೋಡಿ, ಕೂಡುವ ಜಾಗಗಳ ಫೋಟೋ ತೆಗೆದಿಟ್ಟುಕೊಳ್ಳಿ.

ವಳೂರಿನ ಹತ್ತಿರ ತೋಟ, ಮನೆ ಅಂಗಳದ ಬದಿಯಲ್ಲೇ ದಾರಿ. ಅಲ್ಲಿ ಓಡಬೇಡಿ, ನಡೆಯಿರಿ. ಓಡುವವರನ್ನು ನಾಯಿ ಅಟ್ಟಿಸುತ್ತೆ. ಬೇರೆಯವರ ಅಂಗಳದಲ್ಲಿ ಓಡುವುದು ಮರ್ಯಾದೆಯೂ ಅಲ್ಲ.

---

ಏರುದಾರಿ:

ಸಮಯದ ಲೆಕ್ಕ ನಾನು ಹಾಕ್ತೇನೆ. ರಸ್ತೆಯ ಹಾಫ್ ಮ್ಯಾರಥಾನ್ ಸಮಯವನ್ನು ಇಲ್ಲಿ ಪೂರ್ತಿ ಮರೆತುಬಿಡಿ. ಇಲ್ಲಿ ನೋಡಬೇಕಾದ್ದು ಗಂಟೆಗೆ ಎಷ್ಟು ಮೀಟರ್ ಎತ್ತರ ಏರುತ್ತೀರಿ ಅನ್ನೋದು.

ನಡೆಯುವವರ ಹಳೇ ಸೂತ್ರ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. 10 ಕಿ.ಮೀ., 1,100 ಮೀ. ಏರು ಅಂದುಕೊಂಡರೆ ಎರಡು ಗಂಟೆ ಮತ್ತು ಒಂದು ಗಂಟೆ 50 ನಿಮಿಷ, ಒಟ್ಟು 3 ಗಂಟೆ 50 ನಿಮಿಷ. ನಿಮ್ಮ ಮಟ್ಟದ ಓಟಗಾರರಿಗೆ ಕೆಳಗಿನ ಹದವಾದ ಭಾಗದಲ್ಲಿ ಸಮಯ ಉಳಿಯುತ್ತೆ. ಕಡಿದಾದ ಭಾಗದಲ್ಲಿ ಗಂಟೆಗೆ 500–600 ಮೀ. ಏರಿದರೆ ಚೆನ್ನಾಗೇ ಏರಿದ ಹಾಗೆ. ಹತ್ತಲು ಎರಡೂಮುಕ್ಕಾಲರಿಂದ ಮೂರೂಕಾಲು ಗಂಟೆ ಇಡಿ. ಇಳಿಯಲು ಒಂದು ಮುಕ್ಕಾಲರಿಂದ ಎರಡು. ಮೇಲೆ ಮುಕ್ಕಾಲು ಗಂಟೆ. ಒಟ್ಟು ಆರು ಗಂಟೆ. ಡಿಸೆಂಬರಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು, ಆದರೆ ಮರದಡಿ ಐದೂಕಾಲಿಗೇ ಕಾಲಡಿಯ ಬೇರು ಕಾಣಲ್ಲ. ಬೆಳಿಗ್ಗೆ ಬಿಡುವುದು ಎಷ್ಟೇ ತಡವಾಗಲಿ, ಮಧ್ಯಾಹ್ನ 12:30ಕ್ಕೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್. ನೆತ್ತಿಯ ಸರ್ವಜ್ಞಪೀಠ ಇನ್ನು ಇಪ್ಪತ್ತು ನಿಮಿಷ ಅಂದ್ರೂ ವಾಪಸ್.

ಈ ದಾರಿಯಲ್ಲಿ ಒಂದು ಅನುಕೂಲವನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಮೇಲೆ ಮೂಲಮೂಕಾಂಬಿಕೆ ದೇವಸ್ಥಾನದ ಹತ್ತಿರದವರೆಗೆ ಇನ್ನೊಂದು ಬದಿಯಿಂದ ಜೀಪು ಬರುತ್ತೆ. ಕಾಲು ಉಳುಕಿದರೆ, ಹೊತ್ತು ಮೀರಿದರೆ ಕಟ್ಟಿನಹೊಳೆ ಕಡೆ ಜೀಪಲ್ಲಿ ಇಳಿದುಬಿಡಬಹುದು. ಗಾಡಿಯನ್ನು ಕೊಲ್ಲೂರಿಂದ ಸುತ್ತಿಸಿ ತರಿಸಬೇಕಾಗುತ್ತೆ, ಅಷ್ಟೇ. ಅದಕ್ಕೆ ಬೇಕಾದಷ್ಟು ನಗದು ಒಬ್ಬೊಬ್ಬರ ಹತ್ರವೂ ಇರಲಿ. ಮೊಬೈಲ್ ಪಾವತಿ ನಂಬಿಕೊಂಡು ಹೋಗಬೇಡಿ, ಸಿಗ್ನಲ್ ಬಂದು ಹೋಗುವ ಜಾಗ.

ಏರಿನಲ್ಲಿ ಓಡುವ ಹಟ ಬೇಡ. ಇಳಿಜಾರು 15 ಡಿಗ್ರಿ ದಾಟಿದ ಮೇಲೆ ಅದೇ ವೇಗದಲ್ಲಿ ಮೇಲೇರಲು ಓಟಕ್ಕಿಂತ ನಡಿಗೆಗೆ ಕಡಿಮೆ ಶಕ್ತಿ ಸಾಕು. ಹೆಜ್ಜೆ ಚಿಕ್ಕದು, ಹಿಮ್ಮಡಿ ಸಾಧ್ಯವಾದಷ್ಟು ನೆಲಕ್ಕೆ ತಾಗಲಿ, ಅಂಗೈ ಮೊಣಕಾಲಿನ ಮೇಲಿಟ್ಟು ಒತ್ತಿ. ಬರೀ ಮುಂಗಾಲಲ್ಲಿ ಹತ್ತಿದರೆ ಮೀನಖಂಡ ಒಂದು ಗಂಟೆಯಲ್ಲಿ ಕಟ್ಟಿಕೊಳ್ಳುತ್ತೆ. ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿ. ಮೂರು ಪದಕ್ಕೆ ಉಸಿರು ಹಿಡಿದರೆ ಆಗಲೇ ಜಾಸ್ತಿ ಆಯ್ತು.

ನಿಜವಾದ ಪರೀಕ್ಷೆ ಇಳಿಯುವಾಗ. ಕುಂದಾದ್ರಿ ರಸ್ತೆ ಇಳಿದದ್ದು ಸ್ವಲ್ಪ ಉಪಯೋಗಕ್ಕೆ ಬರುತ್ತೆ, ಸಾಲದು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು. ಅಭ್ಯಾಸ ಇಲ್ಲದ ಸ್ನಾಯು ಅರ್ಧ ದಾರಿಗೆ ನಡುಗಲು ಶುರುವಾಗುತ್ತೆ, ಆಗ ಕಾಲು ಇಡುವ ಜಾಗ ತಪ್ಪುತ್ತೆ, ಪಾದ ಹೊರಳುತ್ತೆ. ಆದರೆ ಒಮ್ಮೆ ಜೋರಾಗಿ ಇಳಿದು ನೋವು ಉಂಡ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಸುಲಭಕ್ಕೆ ಹಾಳಾಗಲ್ಲ. ಹಾಗಾಗಿ ಹತ್ತು ವಾರದಲ್ಲಿ ವಾರಕ್ಕೊಂದು ದಿನ ಏರು-ಇಳಿ ಇಡಿ. 150 ಮೀ. ಏರಿನಿಂದ ಶುರು ಮಾಡಿ ಏಳನೇ ವಾರಕ್ಕೆ 700 ಮೀ.ಗೆ ತನ್ನಿ. ಜೋರಾದ ಕೊನೆಯ ಇಳಿತ ಓಟಕ್ಕೆ ಎರಡು ವಾರ ಮೊದಲು ಮುಗಿದಿರಬೇಕು. ಗುಡ್ಡ ಸಿಗದ ದಿನ ಮೊಣಕಾಲೆತ್ತರದ ಕಟ್ಟೆಯಿಂದ ಮೂರು ಎಣಿಸುತ್ತಾ ನಿಧಾನ ಇಳಿಯಿರಿ, ಕಾಲಿಗೆ 12ರಂತೆ ಮೂರು ಸಲ. ಕವಲೇದುರ್ಗದ ಕಲ್ಲುಹಾಸು ಒದ್ದೆ ಇದ್ದಾಗ ನಡೆದು ಅಭ್ಯಾಸ ಮಾಡಿ, ಓಡಿ ಅಲ್ಲ.

---

ಕಾನುಮನೆ:

ಶೂ ಬಗ್ಗೆ. ಅಡಿಯ ಹಲ್ಲು 4–5 ಮಿ.ಮೀ. ಸಾಕು. ಆರು ಮಿ.ಮೀ. ಮೇಲಿನವು ಕೆಸರಿಗೆ ಒಳ್ಳೇದು, ಡಿಸೆಂಬರಲ್ಲಿ ಕೆಸರಿಗಿಂತ ಕಲ್ಲು, ಬೇರೇ ಹೆಚ್ಚು. ಗಟ್ಟಿ ರಬ್ಬರಿಗಿಂತ ಮೆತ್ತನೆಯ ರಬ್ಬರು ಒದ್ದೆ ಕಲ್ಲಿಗೆ ಅಂಟುತ್ತೆ, ಬೇಗ ಸವೆಯುತ್ತೆ ಅನ್ನೋದು ಬೇರೆ. ಹಾವಸೆ ಕಟ್ಟಿದ ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಮಾತ್ರ ಯಾವ ರಬ್ಬರೂ ನಿಲ್ಲಲ್ಲ. ಅಲ್ಲಿ ಕಲ್ಲಿನ ನೆತ್ತಿ ಬಿಟ್ಟು ಎರಡು ಕಲ್ಲಿನ ನಡುವೆ ಕಾಲಿಡಿ. ಬೇರನ್ನು ತುಳಿಯಬೇಡಿ, ದಾಟಿ. ಒಣಗಿದ ಮುರಕಲ್ಲಿನ ಹರಳು ಇಳಿಜಾರಲ್ಲಿ ಗೋಲಿ ಇದ್ದ ಹಾಗೆ. ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರಿ ಕೂತುಬಿಡ್ತೀರಿ, ಮೈ ಸ್ವಲ್ಪ ಮುಂದೇ ಇರಲಿ. ತರಗೆಲೆ ದಪ್ಪಗೆ ಬಿದ್ದಲ್ಲಿ ಅಡಿಯಲ್ಲಿ ಏನಿದೆ ಗೊತ್ತಾಗಲ್ಲ, ಆ ಹತ್ತು ಮಾರು ನಡೆಯಿರಿ.

ಶೂ ಒಳಗೆ ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬೇಕು. ಕಣಕಾಲ ಹತ್ತಿರದ ಕೊನೆಯ ತೂತಿಗೂ ಲೇಸ್ ಹಾಕಿ ಕುಣಿಕೆ ಮಾಡಿ ಬಿಗಿದರೆ ಇಳಿಯುವಾಗ ಪಾದ ಮುಂದೆ ಜಾರಲ್ಲ. ಉಗುರು ಕಪ್ಪಾಗುವುದು ಪಾದ ಜಾರುವುದರಿಂದಲೇ. ಉಗುರನ್ನು ಮೂರು ದಿನ ಮೊದಲೇ ಕತ್ತರಿಸಿ. ನೀರು ಒಳಗೆ ಬಿಡದ ಶೂ ಬೇಡವೇ ಬೇಡ. ಹಳ್ಳದಲ್ಲಿ ಮೇಲಿಂದ ನುಗ್ಗಿದ ನೀರು ಹೊರಗೂ ಹೋಗಲ್ಲ.

ಚಾರಣದ ಮಡಚುವ ಕೋಲು ಬೇಕಾ ಅಂತ ಮುಂದೆ ಯಾರಾದ್ರೂ ಕೇಳೇ ಕೇಳ್ತಾರೆ. ಹತ್ತಲು ಒಳ್ಳೇದು. ಇಳಿಯುವಾಗ ಈ ದಾರಿಯಲ್ಲಿ ಮಡಚಿ ಚೀಲಕ್ಕೆ ಹಾಕಿ. ಮುರಕಲ್ಲಿನ ತೂತಿಗೆ ಮೊನೆ ಸಿಕ್ಕಿ ಕೋಲು ಮುರಿಯುತ್ತೆ, ಇಲ್ಲಾ ಅಂದ್ರೆ ಹಿಡಿದವರನ್ನೇ ತಿರುಗಿಸಿ ಕೆಡವುತ್ತೆ.

---

ಏರುದಾರಿ:

ಕಾನುಮನೆಯವರೇ, ಕೋಲಿನ ವಿಚಾರದಲ್ಲಿ ಒಂದು ತಿದ್ದುಪಡಿ. ಮೇಲಿನ ಹುಲ್ಲುಗಾವಲಿಂದ ಕಾಡಿನ ಅಂಚಿನವರೆಗೆ ಇಳಿಯುವಾಗ ಕೋಲು ಉಪಯೋಗವೇ, ಅಲ್ಲಿ ನೆಲ ಕಾಣುತ್ತೆ. ಕಾಡು ಹೊಕ್ಕ ಮೇಲೆ ಮಡಚುವುದು ಸರಿ. ಮಣಿಕಟ್ಟಿನ ಪಟ್ಟಿಯಿಂದ ಮಾತ್ರ ಕೈ ಹೊರಗೇ ಇರಲಿ. ಸಿಕ್ಕಿಕೊಂಡರೆ ಕೋಲು ಹೋಗಲಿ, ಮಣಿಕಟ್ಟು ಉಳಿಯಲಿ.

ಹುಲ್ಲುಗಾವಲಲ್ಲಿ ಒಬ್ಬರ ಹಿಂದೆ ಒಬ್ಬರು, ಸವೆದ ದಾರಿಯ ಮೇಲೇ ಹೋಗಿ. ಅಡ್ಡ ಕತ್ತರಿಸಿ ಇಳಿದ ಪ್ರತಿ ಗೆರೆಯೂ ಮುಂದಿನ ಮಳೆಗೆ ಕೊರಕಲು. ಆ ಹುಲ್ಲು, ಆ ಮಣ್ಣು ನೀರು ಹಿಡಿದಿಟ್ಟರೇ ಕೆಳಗಿನ ಹಳ್ಳಗಳಿಗೆ ಡಿಸೆಂಬರಲ್ಲಿ ನೀರು.

---

ನಗರದ ಓಟ:

ತುಂಬಾ ಉಪಕಾರ ಆಯ್ತು. ಒಳದಾರಿ ಆಸೆ ಬಿಟ್ಟೆವು. ನೀರು, ಊಟ, ಉಣುಗು ಇವುಗಳ ಬಗ್ಗೆ ಯಾರಾದರೂ ಹೇಳಿ. ನಮ್ಮ ತಾಲ್ಲೂಕಲ್ಲೇ ಮಂಗನ ಕಾಯಿಲೆ ಭಯ ಇದ್ದೇ ಇದೆ, ಮನೆಯಲ್ಲಿ ಅದೇ ಮಾತು.

---

ಸೀತಾನದಿ ದಡ:

ಮನೆಯವರ ಭಯ ಸರಿಯಾದದ್ದೇ. ಅದನ್ನೇ ಮೊದಲು ಹೇಳ್ತೇನೆ.

ಮಂಗನ ಕಾಯಿಲೆ ಮೊದಲು ಗುರುತಾದದ್ದೇ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಹರಡುವುದು ಉಣುಗಿನಿಂದ, ಅದರಲ್ಲೂ ಮರಿ ಉಣುಗಿನಿಂದ. ಅದು ಎಳ್ಳಿಗಿಂತ ಚಿಕ್ಕದು, ಕಣ್ಣಿಗೆ ಬೀಳುವುದೇ ಕಷ್ಟ. ಮಳೆ ನಿಂತು ತರಗೆಲೆ ಒಣಗಿದ ಮೇಲೆ, ಹೆಚ್ಚುಕಡಿಮೆ ಡಿಸೆಂಬರಿಂದ ಮೇ ತನಕ ಅದರ ಕಾಲ. ಅಂದರೆ ಉಂಬಳ ಕಡಿಮೆಯಾಗುವ ಹೊತ್ತಿಗೇ ಉಣುಗು ಏಳುತ್ತೆ. ನಿಮ್ಮ ದಿನಾಂಕ ಸರಿಯಾಗಿ ಆ ಸಂಧಿಯಲ್ಲಿದೆ. ಇನ್ನೆರಡು ವಾರ ಮೊದಲು ಹೋದರೆ ಉಂಬಳ ಜಾಸ್ತಿ, ಉಣುಗು ಕಡಿಮೆ. ಆಯ್ಕೆ ಇದ್ದರೆ ಉಂಬಳವನ್ನೇ ಆರಿಸಿಕೊಳ್ಳಿ, ಅದು ಬರೀ ರಕ್ತ ಕುಡಿಯುತ್ತೆ.

ಹೋಗುವ ವಾರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಭಾಗದಲ್ಲಿ ಮಂಗ ಸತ್ತ ವರದಿ ಇದೆಯಾ ಕೇಳಿ. ಇದ್ದರೆ ಓಟ ರದ್ದು, ಚರ್ಚೆ ಬೇಡ. ಉಣುಗು ಹತ್ತದಂತೆ ಹಚ್ಚುವ ಡೀಪಾ ಎಣ್ಣೆಯ ಬಗ್ಗೆಯೂ ಅಲ್ಲೇ ವಿಚಾರಿಸಿ. ಅದನ್ನು ಕಾಲು, ಕೈ, ಕುತ್ತಿಗೆಗೆ ಹಚ್ಚಿ. ಬೆವರಿಗೆ ತೊಳೆದುಹೋಗುತ್ತೆ, ಹಾಗಾಗಿ ಮೇಲೆ ತಲುಪಿದಾಗ ಇನ್ನೊಮ್ಮೆ. ಚಡ್ಡಿ ಬೇಡ. ತಿಳಿ ಬಣ್ಣದ ಉದ್ದ ಟೈಟ್ಸ್ ಹಾಕಿ ಅದರ ಮೇಲೆ ಸಾಕ್ಸ್ ಎಳೆಯಿರಿ. ತಿಳಿ ಬಟ್ಟೆ ಮೇಲೆ ಹರಿಯುವುದು ಕಾಣುತ್ತೆ. ಸುಸ್ತಾಯಿತು ಅಂತ ತರಗೆಲೆ ಮೇಲೆ ಕೂರಬೇಡಿ, ಬರೀ ಬಂಡೆ ಮೇಲೆ ಕೂರಿ. ಮನೆಗೆ ಬಂದವರೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ಉಜ್ಜಿ ಸ್ನಾನ ಮಾಡಿ. ಕಂಕುಳು, ಮೊಣಕಾಲ ಹಿಂದೆ, ಸೊಂಟದ ಪಟ್ಟಿಯ ಕೆಳಗೆ, ಕಿವಿಯ ಹಿಂದೆ ಇನ್ನೊಬ್ಬರ ಕೈಲಿ ನೋಡಿಸಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಓಟಗಾರರು ಎಡವುವುದು ಇಲ್ಲಿ. ಸೋಂಕು ತಗುಲಿ 3ರಿಂದ 8 ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ವಿಪರೀತ ನೋವು. ಓಡಿದ ನೋವು ಅಂದುಕೊಂಡು ಮಾತ್ರೆ ನುಂಗಿ ಕೂರುತ್ತಾರೆ. ಓಟದ ನೋವು ಎರಡನೇ ಮೂರನೇ ದಿನ ಏರಿ ಆಮೇಲೆ ಇಳಿಯುತ್ತೆ, ಜ್ವರ ತರಲ್ಲ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ವೈದ್ಯರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. ಓಟದ ದಿನವೂ ನೋವಿಗೆ ಮುಂಚಿತವಾಗಿ ಐಬುಪ್ರೊಫೆನ್ ನುಂಗುವ ಅಭ್ಯಾಸ ಬೇಡ, ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು. ಹಳೇ ಲಸಿಕೆ 2022ರಲ್ಲಿ ನಿಂತಿದೆ. ಅದನ್ನು ಎಂದೋ ಹಾಕಿಸಿಕೊಂಡಿದ್ದೇವೆ ಅನ್ನುವ ಧೈರ್ಯವೂ ಬೇಡ.

ಉಂಬಳಕ್ಕೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಒದ್ದೆ ಮಾಡಿ ಶೂ ಮೇಲೆ ಒರೆಸಿದರೆ ಸಾಕು. ಹತ್ತಿದ್ದನ್ನು ಕಿತ್ತೆಳೆಯದೆ ಉಗುರಲ್ಲಿ ಬಾಯಿ ಜಾರಿಸಿ ಬಿಡಿಸಿ. ಆಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗುತ್ತೆ, ಒತ್ತಿ ಹಿಡಿಯಿರಿ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಎರಡೂ ಬೇಡ. ಕಾಲನ್ನು ಕೋಲಿಗೆ ಕಟ್ಟಿ ಅಲ್ಲಾಡದಂತೆ ಮಾಡಿ, ಹೊತ್ತು ಇಳಿಸಿ ಆಸ್ಪತ್ರೆಗೆ. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಘಟ್ಟದ ಗುಳಿಮಂಡಲಗಳಿಗೆ ಅದು ಹೊಂದಲ್ಲ, ಆದರೂ ಆಸ್ಪತ್ರೆಯ ಆರೈಕೆ ಬೇಕೇ ಬೇಕು. ಫೋಟೋ ಸಿಕ್ಕರೆ ದೂರದಿಂದ ತೆಗೆಯಿರಿ, ಹಿಡಿಯಲು ಹೋಗಬೇಡಿ. 108, 112 ಎರಡೂ ಸಿಗ್ನಲ್ ಇದ್ದರೆ ಮಾತ್ರ. ಸೀಟಿ ಒಬ್ಬೊಬ್ಬರ ಚೀಲದ ಪಟ್ಟಿಯಲ್ಲೂ ಇರಲಿ. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಡುವುದು ಬೆಟ್ಟದ ಆಪತ್ತಿನ ಕರೆ.

---

ಜೋನಿಬೆಲ್ಲ:

ತಿನ್ನೋದು ನನಗೆ ಬಿಡಿ ಮಾರಾಯ್ರೆ.

ಆರು ಗಂಟೆಯ ಓಟದಲ್ಲಿ ಪ್ರತಿ ಗಂಟೆಗೆ 40–60 ಗ್ರಾಂ ಶರ್ಕರ ಹೊಟ್ಟೆಗೆ ಬೀಳಬೇಕು. ಅಂಗಡಿಯ ಜೆಲ್ ಒಂದರಲ್ಲಿ ಸಾಮಾನ್ಯವಾಗಿ 20–25 ಗ್ರಾಂ. ಮಧ್ಯಮ ಗಾತ್ರದ ಬಾಳೆಹಣ್ಣಲ್ಲೂ ಅಷ್ಟೇ. ಜೋನಿಬೆಲ್ಲ (ನೀರುಬೆಲ್ಲ) 100 ಗ್ರಾಂಗೆ ಸುಮಾರು 60–65 ಗ್ರಾಂ ಸಕ್ಕರೆ. ಮೆತ್ತನೆಯ 250 ಮಿ.ಲೀ. ಬಾಟಲಿಗೆ 150 ಗ್ರಾಂ ಜೋನಿ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ, ಉಳಿದದ್ದು ನೀರು. ಎರಡು ಗಂಟೆಗೆ ಸಾಕಾಗುತ್ತೆ. 20 ನಿಮಿಷಕ್ಕೊಮ್ಮೆ ಎರಡು ಗುಟುಕು, ಅದರ ಹಿಂದೆಯೇ ಬರೀ ನೀರು. ನೀರು ಕುಡಿಯದಿದ್ದರೆ ಅಷ್ಟು ಗಟ್ಟಿ ಸಿಹಿ ಹೊಟ್ಟೆಯಲ್ಲೇ ನಿಂತು ವಾಂತಿ ತರಿಸುತ್ತೆ. ಇದನ್ನೂ ಅಭ್ಯಾಸದ ಓಟದಲ್ಲಿ ನಾಲ್ಕು ಸಲ ಕುಡಿದು ನೋಡಿ, ಅವತ್ತೇ ಮೊದಲ ಸಲ ಬೇಡ. ಕೆಲವರಿಗೆ ಭೇದಿಯಾಗುತ್ತೆ.

ಕರಾವಳಿ ಬದಿಯ ಸೆಕೆಗೆ ಗಂಟೆಗೆ 500–700 ಮಿ.ಲೀ. ನೀರು. ಅಂದಾಜು ಬೇಕಿಲ್ಲ, ಅಳೆಯಿರಿ: ಒಂದು ಗಂಟೆ ಓಡುವ ಮೊದಲು, ಆಮೇಲೆ ಬರೀ ಮೈಯಲ್ಲಿ ತೂಗಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು. ಅದರ ಮುಕ್ಕಾಲು ಭಾಗ ಕುಡಿದರೆ ಸಾಕು. ಹೊರಡುವಾಗ ಒಂದೂವರೆ ಲೀಟರ್, ಮೇಲೆ ದೇವಸ್ಥಾನದ ಹತ್ತಿರ ಮತ್ತೆ ತುಂಬಿ. ಅದರಲ್ಲಿ ಅರ್ಧ ಲೀಟರ್ ಓಆರ್‌ಎಸ್ ಇರಲಿ. ಪೊಟ್ಟಣ 20.5 ಗ್ರಾಂ ಇದ್ದರೆ ಅದು ಒಂದು ಲೀಟರಿಗೆ, ಅರ್ಧ ಲೀಟರಿಗೆ ಪೂರ್ತಿ ಸುರಿಯಬೇಡಿ. ಬರೀ ನೀರನ್ನೇ ಕುಡಿದು ಕುಡಿದು ಉಂಗುರ ಬಿಗಿಯಾಗಿ, ಕೈ ಊದಿ, ತಲೆ ಭಾರವಾದರೆ ರಕ್ತದಲ್ಲಿ ಉಪ್ಪು ಇಳಿದಿದೆ ಅಂತ. ಆಗ ಇನ್ನೂ ನೀರು ಕುಡಿಸುವುದು ಅಪಾಯ. ಹಳ್ಳದ ನೀರು ಎಷ್ಟೇ ತಿಳಿಯಾಗಿರಲಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟೇ ಕುಡಿಯಿರಿ, ಮೇಲೆ ದನ ಇದ್ದೇ ಇರುತ್ತೆ.

ಬೆಳಿಗ್ಗೆ ಎರಡು ಗಂಟೆ ಮೊದಲು ಗಂಜಿ, ಉಪ್ಪಿನಕಾಯಿ. ಕಡುಬು, ಪತ್ರೊಡೆ ವಾಪಸ್ ಬಂದ ಮೇಲೆ.

---

ನಗರದ ಓಟ:

ನಮ್ಮ ತೀರ್ಮಾನ ಹೀಗಿದೆ. ಸ್ಲಾಟ್ ಸಿಕ್ಕರೆ ನವೆಂಬರ್ ಕೊನೇ ವಾರಕ್ಕೆ ಹಿಂದೂಡುತ್ತೇವೆ. ಪ್ರವೇಶ ತೆರೆದ ಕೂಡಲೇ ಬಿಡುವುದು, 12:30ಕ್ಕೆ ವಾಪಸ್. ಚೀಲದಲ್ಲಿ ಒಂದೂವರೆ ಲೀಟರ್ ನೀರು, ಜೋನಿ ಬಾಟಲಿ ಎರಡು, ಬಾಳೆಹಣ್ಣು ಎರಡು, ಓಆರ್‌ಎಸ್, ಉಪ್ಪಿನ ಗಂಟು, ಡೀಪಾ, ಚಿಮುಟ, 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ ಎರಡು, ಸೀಟಿ, ತೆಳು ಮಳೆಕೋಟು, ನಗದು, ನಕ್ಷೆ ಇಳಿಸಿಟ್ಟ ಫೋನು ಏರೋಪ್ಲೇನ್ ಮೋಡಲ್ಲಿ. ಏನಾದರೂ ಬಿಟ್ಟಿದೆಯಾ?

---

ಘಟ್ಟದ ಕೆಳಗೆ:

ಹೆಡ್‌ಟಾರ್ಚ್ ಬಿಟ್ಟಿದೆ. ಹಗಲಲ್ಲೇ ಬರ್ತೀವಿ ಅಂದರೂ ನಾಲ್ಕು ಜನಕ್ಕೆ ನಾಲ್ಕು, ಹೊಸ ಸೆಲ್ ಹಾಕಿದ್ದು. ಒಬ್ಬರ ಕಾಲು ಉಳುಕಿದರೆ ಎರಡು ಗಂಟೆಯ ಇಳಿತ ಐದು ಗಂಟೆಯಾಗುತ್ತೆ. ಫೋನಿನ ಬೆಳಕಲ್ಲಿ ಇಳಿದರೆ ಒಂದು ಕೈ ಹೋಯ್ತು, ನಕ್ಷೆಯ ಬ್ಯಾಟರಿಯೂ ಹೋಯ್ತು. ಹೊರಡುವ ಮೊದಲು ಗಾಡಿ ನಿಲ್ಲಿಸಿದ ಜಾಗ, ದಾರಿ, ವಾಪಸಾಗುವ ಹೊತ್ತು ಬರೆದು ಮನೆಯಲ್ಲೊಂದು ಚೀಟಿ, ಪ್ರವೇಶದ ಹತ್ತಿರ ಇರುವ ಅರಣ್ಯ ಸಿಬ್ಬಂದಿಗೆ ಒಂದು. ಸಂಜೆ ಆರಕ್ಕೆ ಫೋನ್ ಬರದಿದ್ದರೆ ಯಾರಿಗೆ ಕರೆ ಮಾಡಬೇಕು ಅನ್ನೋದೂ ಮನೆಯ ಚೀಟಿಯಲ್ಲಿ ಇರಲಿ.